ಟಪಾಲು ಕೋಣೆಗೆ ಬರೀ ಫೋಟೋ ಸಾಕೇ?

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಕೂತು ನೋಡಬಹುದಾದ ಸಿನಿಮಾಗಳ ಬಗ್ಗೆ ನಿಮ್ಮ ಭಾನುವಾರದ ಪುಟದಲ್ಲಿ ಬಂದ ಬರಹ ಓದಿದೆ. ಅದರಲ್ಲಿ ಪಿಕ್ಸಾರ್‌ನವರ ‘ಮಾನ್‌ಸ್ಟರ್ಸ್ ಯೂನಿವರ್ಸಿಟಿ’ ಅನ್ನುವ ಕಾರ್ಟೂನ್ ಚಿತ್ರವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಮೊದಲ ಚಿತ್ರ ಗೆದ್ದಿತು, ಅದಕ್ಕೇ ಹಿಂದಿನ ಕಥೆ ಹುಡುಕಿ ಇನ್ನೊಂದು ಮಾಡಿದರು, ಕೊನೆ ಮೊದಲೇ ಗೊತ್ತಿರುವುದರಿಂದ ನೋಡದಿದ್ದರೂ ನಡೆಯುತ್ತದೆ ಎಂಬ ಅರ್ಥದ ಸಾಲು. ನನಗೆ ಇದು ಸರಿ ಕಾಣಲಿಲ್ಲ. ಚಿತ್ರದಲ್ಲಿ ತಪ್ಪುಗಳಿಲ್ಲ ಅಂತಲ್ಲ. ಇವೆ, ಜಾಸ್ತಿಯೇ ಇವೆ. ಆದರೆ ಬರೆದವರು ಹಿಡಿದದ್ದು ಆ ತಪ್ಪುಗಳನ್ನಲ್ಲ.

ನಾನು ಸಿನಿಮಾ ಬಲ್ಲವನೇನಲ್ಲ. ಟಪಾಲು ಇಲಾಖೆಯಲ್ಲಿ ದುಡಿದು ನಿವೃತ್ತನಾದವನು, ಈಗ ಕಾರವಾರದ ಕೋಡಿಬಾಗದಲ್ಲಿ ಇದ್ದೇನೆ. ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಟಿವಿಗೆ ಏನೇನೋ ಜೋಡಿಸಿ ಎರಡೂ ಚಿತ್ರ ತೋರಿಸಿದಳು. ಇಂಗ್ಲಿಷ್ ಮಾತು ಓಡಿದಲ್ಲಿ ನಿಲ್ಲಿಸಿ ಅರ್ಥ ಹೇಳಿದಳು. ಪತ್ರ ಉದ್ದವಾಗಿದೆ. ಕತ್ತರಿ ಹಾಕುವುದೇ ಆದರೆ ಯಕ್ಷಗಾನದ ಮಾತಿಗೆ ಹಾಕಿ, ಟಪಾಲಿನ ಮಾತಿಗೆ ಬೇಡ.

ನೋಡದವರಿಗಾಗಿ ಸ್ವಲ್ಪ ಕಥೆ. 2001ರಲ್ಲಿ ಬಂದ ‘ಮಾನ್‌ಸ್ಟರ್ಸ್ ಇಂಕ್’ನಲ್ಲಿ ಒಂದು ಭೂತಗಳ ಪಟ್ಟಣ ಇದೆ. ಮನುಷ್ಯರ ಮಕ್ಕಳು ಕಿರುಚಿದ ಶಬ್ದದಿಂದ ಅಲ್ಲಿಗೆ ಕರೆಂಟು. ಭೂತಗಳು ಫ್ಯಾಕ್ಟರಿಗೆ ಶಿಫ್ಟಿಗೆ ಹೋದ ಹಾಗೆ ಹೋಗಿ, ಬೀರುವಿನ ಬಾಗಿಲಿನಿಂದ ಮಕ್ಕಳ ಕೋಣೆಗೆ ನುಗ್ಗಿ ಹೆದರಿಸಿ, ಕಿರುಚಾಟವನ್ನು ಸಿಲಿಂಡರಿನಲ್ಲಿ ತುಂಬಿಕೊಂಡು ಬರುತ್ತವೆ. ನೀಲಿ ಕೂದಲಿನ ದೈತ್ಯ ಸಲ್ಲಿ ಅಲ್ಲಿ ನಂಬರ್ ಒನ್ ಹೆದರಿಸುವವ. ಹಸಿರು ಬಣ್ಣದ, ಒಂದೇ ಕಣ್ಣಿನ, ಗುಂಡಗಿನ ಮೈಕ್ ಅವನ ಸಹಾಯಕ, ಜೀವದ ಗೆಳೆಯ. ಹನ್ನೆರಡು ವರ್ಷ ಬಿಟ್ಟು 2013ರಲ್ಲಿ ಬಂದದ್ದು ಇವರಿಬ್ಬರ ಕಾಲೇಜು ದಿನಗಳ ಕಥೆ. ಮೊದಲನೆಯದರ ನಿರ್ದೇಶಕ ಪೀಟ್ ಡಾಕ್ಟರ್, ಇದರದ್ದು ಡ್ಯಾನ್ ಸ್ಕ್ಯಾನ್ಲನ್. ಕಾಲೇಜಿಗೆ ಬರುವಾಗ ಮೈಕ್‌ಗೆ ಯಾರ ಸಹಾಯಕನೂ ಆಗುವ ಆಸೆ ಇರಲಿಲ್ಲ. ತಾನೇ ಹೆದರಿಸುವವ ಆಗಬೇಕು ಅಂತ ಬಂದವನು.

ಇಲ್ಲಿಗೇ ನಿಮ್ಮ ಬರಹಗಾರರ ಆಕ್ಷೇಪ ಬರುತ್ತದೆ. ಮೈಕ್ ಸಹಾಯಕನಾಗಿಯೇ ಉಳಿಯುತ್ತಾನೆ ಅಂತ ನಮಗೆ ಗೊತ್ತಲ್ಲ, ಮತ್ತೇನು ನೋಡುವುದು? ಸಂಪಾದಕರೇ, ನಮ್ಮ ಜಿಲ್ಲೆಯವರಿಗೆ ಈ ಪ್ರಶ್ನೆ ಕೇಳಬಾರದು. ಹೊನ್ನಾವರ, ಕುಮಟಾ ಕಡೆ ಗದ್ದೆಯಲ್ಲಿ ‘ಭೀಷ್ಮ ವಿಜಯ’ ಯಕ್ಷಗಾನ ಇಟ್ಟರೆ ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂರುತ್ತಾರೆ. ಅಂಬೆ ಮುಂದೆ ಶಿಖಂಡಿಯಾಗಿ ಬರುತ್ತಾಳೆ, ಅವಳನ್ನು ಮುಂದಿಟ್ಟುಕೊಂಡೇ ಭೀಷ್ಮನನ್ನು ಬೀಳಿಸುತ್ತಾರೆ ಅನ್ನುವುದು ಕಡ್ಲೆ ಮಾರುವ ಹುಡುಗನಿಗೂ ಗೊತ್ತು. ಗೊತ್ತಿರುವುದಕ್ಕೇ ಭೀಷ್ಮ ಸೊಕ್ಕಿನಿಂದ ಒಂದು ಮಾತಾಡಿದರೆ ಸಭೆ ಚುಚ್ಚಿದ ಹಾಗೆ ಸುಮ್ಮನಾಗುತ್ತದೆ. ನಮ್ಮಲ್ಲಿ ಹಿಂದಿನ ಕಥೆ ಆಡುವುದು ಹೊಸದೇನಲ್ಲ. ಪ್ರೀಕ್ವೆಲ್ ಅಂತ ಹೆಸರು ಇಟ್ಟಿರಲಿಲ್ಲ, ಅಷ್ಟೇ.

ಈ ಚಿತ್ರದಲ್ಲೂ ಅದೇ ಕೆಲಸ ಮಾಡಿದೆ. ಆರಂಭದಲ್ಲಿ ಪುಟ್ಟ ಮೈಕ್ ಶಾಲೆಯ ಪ್ರವಾಸದಲ್ಲಿ ಆ ಫ್ಯಾಕ್ಟರಿಗೆ ಬರುತ್ತಾನೆ. ಜೋಡಿ ಮಾಡಿಕೊಳ್ಳಲು ಅವನಿಗೆ ಯಾರೂ ಸಿಗುವುದಿಲ್ಲ. ಟೀಚರ್ ಜೊತೆಯೇ ನಡೆಯಬೇಕು. ಎಲ್ಲರ ಕಣ್ಣು ತಪ್ಪಿಸಿ ಒಬ್ಬ ಹೆದರಿಸುವವನ ಹಿಂದೆ ಬಾಗಿಲು ದಾಟಿ ಹೋಗುತ್ತಾನೆ. ಹೊರಗೆ ಬಂದಾಗ ಆತ ಬೈಯುವ ಬದಲು ತನ್ನ ಕಾಲೇಜಿನ ಟೋಪಿ ತೆಗೆದು ಇವನ ತಲೆಗಿಡುತ್ತಾನೆ. ಹುಡುಗನ ಆ ಒಂದೇ ಕಣ್ಣು ಹೇಗೆ ಅರಳುತ್ತದೆ ನೋಡಬೇಕು. ಅವನ ಬಾಳು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮೊದಲ ಚಿತ್ರ ನೋಡದೆ ಕೂತವರಿಗೆ ಇದು ಬರೀ ಮುದ್ದಾದ ಆರಂಭ. ನೋಡಿದವರಿಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಇನ್ನೊಂದು ದೊಡ್ಡ ಗುಣ ಇದೆ. ಇದನ್ನು ರಿಸಲ್ಟ್ ಬರುವ ತಿಂಗಳಲ್ಲೇ ಹೇಳಬೇಕು. ಕಾರವಾರದ ಪೇಟೆಯಲ್ಲಿ ಎಲ್ಲಿ ತಲೆ ಎತ್ತಿದರೂ ಕೋಚಿಂಗ್ ಕ್ಲಾಸಿನ ಬೋರ್ಡು. ಮನಸ್ಸು ಮಾಡಿದರೆ ಆಗದ್ದು ಯಾವುದೂ ಇಲ್ಲ, ಕಷ್ಟಪಟ್ಟವನಿಗೆ ಸೋಲಿಲ್ಲ ಅಂತ ಬರೆದಿರುತ್ತಾರೆ. ಮಕ್ಕಳ ಸಿನಿಮಾಗಳೂ ಹೆಚ್ಚಾಗಿ ಅದನ್ನೇ ಹಾಡುತ್ತವೆ. ಈ ಚಿತ್ರ ಹಾಗೆ ಹೇಳುವುದಿಲ್ಲ. ಮೈಕ್ ರಾತ್ರಿ ಹಗಲು ಓದುತ್ತಾನೆ. ಹೆದರಿಸುವ ವಿದ್ಯೆಯ ಪುಸ್ತಕ ಅವನಿಗೆ ಬಾಯಿಪಾಠ. ಕೊನೆಗೆ ಕಾಲೇಜಿನ ಹೆದರಿಸುವ ಪಂದ್ಯದಲ್ಲಿ ಗೆದ್ದೂ ಬಿಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ತನ್ನ ಪಾಳಿ ಬಂದಾಗ ಗೆಳೆಯ ಸಲ್ಲಿ ಹೆದರಿಕೆ ಅಳೆಯುವ ಯಂತ್ರವನ್ನು ಸುಲಭಕ್ಕೆ ತಿರುಗಿಸಿಟ್ಟಿದ್ದ ಅಂತ. ಅದೇ ರೋಷದಲ್ಲಿ ಅವನು ನಿಜವಾದ ಬಾಗಿಲು ದಾಟಿ ಮನುಷ್ಯರ ಮಕ್ಕಳ ಶಿಬಿರಕ್ಕೆ ಹೋಗಿ ಗುರ್ರೆನ್ನುತ್ತಾನೆ. ಒಂದು ಹುಡುಗಿ ಎದ್ದು ಕೂತು, ನೀನು ನೋಡಲು ತಮಾಷೆಯಾಗಿದ್ದೀಯ ಅನ್ನುತ್ತಾಳೆ. ಅಷ್ಟೇ. ಅವನ ಇಡೀ ಬಾಳಿನ ಆಸೆ ಅಲ್ಲಿಗೆ ಮುಗಿಯಿತು.

ಆಮೇಲೆ ಕೆರೆಯ ದಡದಲ್ಲಿ ಇಬ್ಬರೂ ಕೂತು ಮಾತಾಡುತ್ತಾರೆ. ಮೈಕ್ ತನಗೆ ಆ ಗುಣ ಇಲ್ಲ ಅಂತ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ಸಲ್ಲಿ, ಅಂದರೆ ಹೆಸರಾಂತ ಹೆದರಿಸುವವನ ಮಗ, ಪುಸ್ತಕ ಮುಟ್ಟದೆ ಮನೆತನದ ಹೆಸರಿನ ಮೇಲೆ ಮೆರೆಯುತ್ತಿದ್ದವ, ತನಗೆ ಯಾವಾಗಲೂ ಪುಕುಪುಕು ಅಂತ ಹೇಳಿಕೊಳ್ಳುತ್ತಾನೆ. ಬಿಲ್ಲಿ ಕ್ರಿಸ್ಟಲ್ ಮತ್ತು ಜಾನ್ ಗುಡ್‌ಮನ್ ಎರಡೂ ಚಿತ್ರದಲ್ಲಿ ಈ ಇಬ್ಬರಿಗೆ ದನಿ ಕೊಟ್ಟವರು. ಹನ್ನೆರಡು ವರ್ಷ ವಯಸ್ಸಾದ ಮೇಲೆ ಎಳೆಯ ಹುಡುಗರ ದನಿ ಕೊಟ್ಟಿದ್ದಾರೆ, ಅಲ್ಲಲ್ಲಿ ಆ ವಯಸ್ಸು ಕೇಳುತ್ತದೆ. ಆದರೆ ಈ ಕೆರೆಯ ದಡದಲ್ಲಿ ಅದೇ ಒಳ್ಳೆಯದಾಗಿದೆ. ಹುಡುಗರ ಬಾಯಲ್ಲಿ ದೊಡ್ಡವರ ಸುಸ್ತು ಬಂದ ಹಾಗಿದೆ.

ಅದಕ್ಕಿಂತ ಒಳ್ಳೆಯದು, ಮುಂದೆ ಯಾರೂ ಬಂದು ಅವರನ್ನು ಉಳಿಸುವುದಿಲ್ಲ. ಡೀನ್ ಹಾರ್ಡ್‌ಸ್ಕ್ರ್ಯಾಬಲ್ ಅವರನ್ನು ಕಾಲೇಜಿನಿಂದ ಹೊರಗೆ ಹಾಕುತ್ತಾಳೆ. ಈ ಡೀನಮ್ಮ ಒಂದು ಒಳ್ಳೆಯ ಸೃಷ್ಟಿ. ಕೆಳಗೆ ಜರಿಹುಳದ ಕಾಲುಗಳು, ಬೆನ್ನಿಗೆ ಬಾವಲಿಯ ರೆಕ್ಕೆ, ದನಿ ಹೆಲೆನ್ ಮಿರೆನ್ ಅವರದ್ದು. ಕೊನೆಯಲ್ಲಿ ನಿಮ್ಮಿಂದ ನನಗೇ ಆಶ್ಚರ್ಯವಾಯಿತು ಅನ್ನುತ್ತಾಳೆ, ಒಳ್ಳೆಯದಾಗಲಿ ಅನ್ನುತ್ತಾಳೆ, ಆದರೆ ಆರ್ಡರ್ ವಾಪಸ್ ತೆಗೆಯುವುದಿಲ್ಲ. ಮಕ್ಕಳ ಚಿತ್ರದಲ್ಲಿ ಇಷ್ಟು ಧೈರ್ಯ ನಾನು ಎಣಿಸಿರಲಿಲ್ಲ.

ಬಣ್ಣ, ಬೆಳಕು, ಸಂಗೀತದ ಬಗ್ಗೆ ನಾನು ಹೇಳುವುದು ಸ್ವಲ್ಪವೇ. ಕಾಲೇಜಿನ ಹುಲ್ಲಿನ ಮೇಲೆ ಸಂಜೆ ಬಿಸಿಲು ಬಿದ್ದಾಗ ಚಂದ ಕಾಣುತ್ತದೆ. ಸಲ್ಲಿಯ ಕೂದಲು ಒಂದೊಂದೂ ಅಲ್ಲಾಡುತ್ತದೆ. ರ‍್ಯಾಂಡಿ ನ್ಯೂಮನ್ ಅವರ ಡ್ರಮ್ಮು ಕಹಳೆ ಕಾಲೇಜು ಬ್ಯಾಂಡಿನ ಹಾಗಿದೆ. ಇಷ್ಟು ಸಾಕು.

ಇನ್ನು ದೋಷಗಳು. ಚಿತ್ರ 104 ನಿಮಿಷ ಇದೆ. ಅದರ ನಡುವಿನ ದೊಡ್ಡ ಪಾಲು ಹೆದರಿಸುವ ಆಟಗಳ ಪಂದ್ಯಕ್ಕೇ ಹೋಗಿದೆ. ಎಲ್ಲರೂ ನಕ್ಕು ಬಿಟ್ಟ ಗುಂಪು ಒಂದು, ಮೈಕ್ ಮತ್ತು ಸಲ್ಲಿ ಅದರಲ್ಲೇ. ಮೀಸೆ ತಿರುವುವ ಗುಂಪು ಇನ್ನೊಂದು. ಮೊದಲ ಸುತ್ತಿನಲ್ಲಿ ಇವರು ಕೊನೆಗೆ ಬರುತ್ತಾರೆ, ಅಷ್ಟರಲ್ಲಿ ಬೇರೆ ಗುಂಪು ಮೋಸ ಮಾಡಿ ಸಿಕ್ಕಿಬೀಳುತ್ತದೆ, ಇವರು ಉಳಿಯುತ್ತಾರೆ. ಕಾಲೇಜು ಕಥೆ ನೋಡಿದವರಿಗೆಲ್ಲ ಮುಂದಿನದು ಗೊತ್ತು. ಇಲ್ಲಿ ಬೇಕಾದರೆ ನಿಮ್ಮ ಬರಹಗಾರರು ಕೊನೆ ಮೊದಲೇ ಗೊತ್ತು ಅಂತ ಹೇಳಲಿ, ನಾನೂ ಕೈ ಎತ್ತುತ್ತೇನೆ. ಲೈಬ್ರರಿಯ ಸುತ್ತು ಮಾತ್ರ ಬೇರೆ. ಸದ್ದು ಮಾಡಿದವರನ್ನು ಹಿಡಿದು ಎಸೆಯುವ ರಾಕ್ಷಸ ಲೈಬ್ರರಿಯನ್ ಎದುರು, ಬೆಕ್ಕಿನ ಹೆಜ್ಜೆ ಇಡುವುದು ಬಿಟ್ಟು ಇವರೆಲ್ಲ ಬೇಕೆಂದೇ ಗಲಾಟೆ ಎಬ್ಬಿಸಿ ಅವಳನ್ನು ಆಚೆ ಈಚೆ ಓಡಿಸುತ್ತಾರೆ. ಸಿಕ್ಕಿಬೀಳಬಾರದು ಅಂತ ನಿಯಮ ಇತ್ತೇ ಹೊರತು ಸದ್ದು ಮಾಡಬಾರದು ಅಂತ ಇರಲಿಲ್ಲ. ಸರ್ಕಾರಿ ನೌಕರಿ ಮಾಡಿದವನಿಗೆ ಈ ಉಪಾಯ ಖುಷಿ ಕೊಡದೆ ಇರುತ್ತದೆಯೇ!

ಆ ಗುಂಪಿನಲ್ಲಿ ಡಾನ್ ಅಂತ ಒಬ್ಬ ಇದ್ದಾನೆ. ಜವಳಿ ಕಂಪನಿಯಲ್ಲಿ ಸೇಲ್ಸ್ ಮಾಡುತ್ತಿದ್ದವ, ಕೆಲಸ ಹೋಗಿ ಕಂಪ್ಯೂಟರ್ ಕಲಿಯಲು ಕಾಲೇಜಿಗೆ ವಾಪಸ್ ಬಂದವ. ಹುಡುಗರ ನಡುವೆ ವಿಸಿಟಿಂಗ್ ಕಾರ್ಡು ಹಂಚುತ್ತಾನೆ. ನಮ್ಮ ಕೌಂಟರಿಗೆ ಕಂಪ್ಯೂಟರ್ ಬಂದಾಗ ಮೌಸ್ ಹಿಡಿಯಲು ಒದ್ದಾಡಿದ ಎಷ್ಟೋ ಹಿರಿಯರು ನನಗೆ ನೆನಪಾದರು. ಅವನನ್ನು ಚಿತ್ರ ನಗಿಸುವುದಕ್ಕಷ್ಟೇ ಇಟ್ಟುಕೊಂಡಿದೆ. ಬೇಜಾರಾಯಿತು.

ರ‍್ಯಾಂಡಲ್ ಕಥೆಯೂ ಅರ್ಧಕ್ಕೆ ನಿಂತಿದೆ. ಮೊದಲ ಚಿತ್ರದಲ್ಲಿ ಇವನೇ ಖಳ. ಇಲ್ಲಿ ಮೈಕ್‌ನ ರೂಮ್‌ಮೇಟ್, ಕನ್ನಡಕದ ಪಾಪದ ಹುಡುಗ. ಗೆಳೆಯರಾಗಲಿ ಅಂತ ಕಪ್‌ಕೇಕ್ ಮಾಡಿ ಹಂಚಲು ಹೋಗುವವ. ಮಾಯವಾದಾಗ ಕನ್ನಡಕ ಮಾತ್ರ ಗಾಳಿಯಲ್ಲಿ ಉಳಿಯುತ್ತದೆ, ತೆಗೆದುಬಿಡು ಅಂತ ಮೈಕೇ ಸಲಹೆ ಕೊಡುತ್ತಾನೆ. ಮೊದಲ ಚಿತ್ರದಲ್ಲಿ ಅವನು ಕಣ್ಣು ಕಿರಿದು ಮಾಡಿ ನೋಡುವುದು ಯಾಕೆ ಅಂತ ಆಗ ಗೊತ್ತಾಯಿತು. ಇಂಥ ಎಳೆ ಹಿಡಿದವರು ಮುಂದೆ ಎಳೆಯಬೇಕಿತ್ತಲ್ಲ? ದೊಡ್ಡ ಗುಂಪು ಕರೆದ ಕೂಡಲೇ ಅವನು ಅಲ್ಲಿಗೆ ಹೋಗುತ್ತಾನೆ, ಕೊನೆಯ ಸುತ್ತಿನಲ್ಲಿ ಸಲ್ಲಿಗೆ ಸೋಲುತ್ತಾನೆ, ಇನ್ನು ನಿನಗೆ ಸೋಲುವುದಿಲ್ಲ ಅಂತ ಹಲ್ಲು ಕಡಿಯುತ್ತಾನೆ. ಒಬ್ಬ ಒಳ್ಳೆಯ ಹುಡುಗ ಕೆಡುವುದಕ್ಕೆ ಇಷ್ಟೇ ಸಾಕೇ? ಒಂಟಿತನ ಅವನನ್ನು ಹೇಗೆ ತಿಂದಿತು ಅಂತ ತೋರಿಸಲು ಆಟದ ಒಂದು ಸುತ್ತು ಬಿಟ್ಟಿದ್ದರೆ ಆಗುತ್ತಿತ್ತು.

ಮೊದಲ ಚಿತ್ರದಲ್ಲಿ ಮೈಕ್ ಸಲ್ಲಿಗೆ, ನಾಲ್ಕನೇ ಕ್ಲಾಸಿನಿಂದ ನನ್ನ ಚಂದಕ್ಕೆ ಹೊಟ್ಟೆಕಿಚ್ಚು ಪಡುತ್ತಿದ್ದೀಯ ಅನ್ನುತ್ತಾನೆ. ಇಲ್ಲಿ ನೋಡಿದರೆ ಇಬ್ಬರ ಮೊದಲ ಭೇಟಿ ಕಾಲೇಜಿನಲ್ಲಿ! ಮೊಮ್ಮಗಳು ಇದನ್ನು ಹಿಡಿದು ಬಹಳ ಹೊತ್ತು ನಕ್ಕಳು. ನನಗೆ ಇದು ದೊಡ್ಡ ದೋಷ ಅನ್ನಿಸಲಿಲ್ಲ.

ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೆ ಇದೆ. ಮೊದಲ ಚಿತ್ರ ಮುಗಿಯುವಾಗ ಆ ಪಟ್ಟಣ ಒಂದು ಸತ್ಯ ಕಂಡುಕೊಂಡಿತ್ತು. ಮಕ್ಕಳ ಕಿರುಚಾಟಕ್ಕಿಂತ ನಗುವಿನಲ್ಲಿ ಹತ್ತು ಪಟ್ಟು ಶಕ್ತಿ ಇದೆ, ಹೆದರಿಸುವ ಅಗತ್ಯವೇ ಇಲ್ಲ ಅಂತ. ಹಿಂದಿನ ಕಥೆಗೆ ಹೋದಾಗ ನಾವು ಮತ್ತೆ ಹೆದರಿಸುವವರಿಗೇ ಚಪ್ಪಾಳೆ ತಟ್ಟಬೇಕು. ಸಣ್ಣ ಮಕ್ಕಳನ್ನು ನಡುಗಿಸುವುದು ಇಲ್ಲಿ ಒಂದು ಡಿಗ್ರಿ, ಅದಕ್ಕೊಂದು ಕಪ್ಪು, ಅದಕ್ಕೊಂದು ಮೆರವಣಿಗೆ. ಇದು ಸರಿಯೇ ಅಂತ ಕೇಳುವ ಪಾತ್ರ ಒಂದೂ ಇಲ್ಲ. ಆ ಶಿಬಿರದ ಹುಡುಗಿಯ ಮಾತಿನಲ್ಲಿ ಮುಂದಿನದರ ಸುಳಿವು ಇದೆ, ನಿಜ. ಮೈಕ್ ಮುಂದೆ ಮಕ್ಕಳನ್ನು ನಗಿಸುವುದರಲ್ಲೇ ಗೆಲ್ಲುತ್ತಾನಲ್ಲ. ಆದರೆ ಚಿತ್ರ ಆ ಮಾತಿನ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ.

ಈಗ ಟಪಾಲಿಗೆ ಬರುತ್ತೇನೆ. ಕಾಲೇಜಿನಿಂದ ಹೊರಬಿದ್ದ ಇಬ್ಬರೂ ಅದೇ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರುತ್ತಾರೆ. ಎಲ್ಲಿ? ಟಪಾಲು ಕೋಣೆಯಲ್ಲಿ. “ಅಜ್ಜ, ನಿನ್ನ ಆಫೀಸು ಬಂತು ನೋಡು” ಅಂತ ಮೊಮ್ಮಗಳು ಕೂಗಿದಳು. ಅಲ್ಲಿಯ ಮೇಲಧಿಕಾರಿ ಬಿಳಿ ಕೂದಲಿನ ಹಿಮಮಾನವ. ಪತ್ರಕ್ಕೆ ಕೈ ಹಚ್ಚಿ ತಂಟೆ ಮಾಡಿದರೆ ಗಡೀಪಾರು ಶಿಕ್ಷೆ ಅಂತ ಹೊಸಬರಿಗೆ ಎಚ್ಚರಿಕೆ ಕೊಡುತ್ತಾನೆ. ಮೊದಲ ಚಿತ್ರದಲ್ಲಿ ಇದೇ ಹಿಮಮಾನವ ಗಡೀಪಾರಾಗಿ ಹಿಮಾಲಯದಲ್ಲಿ ಕೂತಿರುತ್ತಾನೆ! ನಾನು ನಕ್ಕಷ್ಟು ಮನೆಯಲ್ಲಿ ಯಾರೂ ನಗಲಿಲ್ಲ. ನಮ್ಮಲ್ಲೂ ಹಳೆಯ 1898ರ ಅಂಚೆ ಕಾಯ್ದೆಯಲ್ಲಿ ನೌಕರ ಪತ್ರ ಕದ್ದರೆ, ಬಚ್ಚಿಟ್ಟರೆ, ಎಸೆದರೆ 7 ವರ್ಷದವರೆಗೆ ಜೈಲು ಅಂತ ಇತ್ತು. ಈಗ 2023ರ ಹೊಸ ಕಾಯ್ದೆ ಬಂದಿದೆ. ಸೇರಿದ ಹೊಸದರಲ್ಲಿ ಹಿರಿಯರು ನಮಗೂ ಇದೇ ದನಿಯಲ್ಲಿ ಹೇಳಿ ಹೆದರಿಸುತ್ತಿದ್ದರು. ಪ್ರೀಕ್ವೆಲ್ ಅಂದರೆ ಹೀಗಿರಬೇಕು. ಮುಂದಿನ ಚಿತ್ರದ ಒಂದು ಸಣ್ಣ ನಗುವಿಗೆ ಹಿಂದಿನಿಂದ ಬೇರು ಕೊಡಬೇಕು.

ಆದರೆ ಅಲ್ಲಿಂದ ಮುಂದೆ? ಗೋಡೆಗೆ ಅಂಟಿಸಿದ ಫೋಟೋಗಳು. ಟಪಾಲಿನಲ್ಲಿ ಇಬ್ಬರು, ಕಸ ಗುಡಿಸುವ ಕೆಲಸದಲ್ಲಿ ಇಬ್ಬರು, ಕ್ಯಾಂಟೀನಿನಲ್ಲಿ ಇಬ್ಬರು, ಸಿಲಿಂಡರ್ ಎತ್ತುವಲ್ಲಿ ಇಬ್ಬರು, ಆಮೇಲೆ ಹೆದರಿಸುವ ವಿಭಾಗಕ್ಕೆ ಆಯ್ಕೆ. ಮುಗಿಯಿತು. ಕಾಲೇಜಿನ ಕೆಲವು ತಿಂಗಳಿಗೆ ಒಂದೂವರೆ ಗಂಟೆ, ಕೆಳಗಿನಿಂದ ಮೇಲಕ್ಕೆ ಬಂದ ಅಷ್ಟು ವರ್ಷಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು. ನನ್ನ ತಕರಾರು ಇದೇ. ಸೋತವ ಮಾರನೇ ದಿನ ಎಲ್ಲಿಗೆ ಹೋಗುತ್ತಾನೆ ಅಂತ ಕೇಳುವ ಧೈರ್ಯ ಮಾಡಿದ ಚಿತ್ರ, ಉತ್ತರ ಹೇಳುವಾಗ ಬಸ್ಸು ತಪ್ಪುತ್ತದೆ ಅನ್ನುವ ಹಾಗೆ ಓಡಿತು.

ಟಪಾಲು ಕೋಣೆ ಕಥೆಯಿಲ್ಲದ ಜಾಗ ಅಂತ ತಿಳಿದವರು ಹೀಗೆ ಮಾಡುತ್ತಾರೆ. ನಾನು ಮೊದಲು ಗಂಗಾವಳಿ ಹೊಳೆಯ ಬದಿಯ ಹಳ್ಳಿಯಲ್ಲಿ ಇ.ಡಿ., ಅಂದರೆ ಎಕ್ಸ್ಟ್ರಾ ಡಿಪಾರ್ಟ್ಮೆಂಟಲ್, ನೌಕರ. ಈಗ ಗ್ರಾಮೀಣ ಡಾಕ್ ಸೇವಕ ಅನ್ನುತ್ತಾರೆ. ಮಳೆಗಾಲದಲ್ಲಿ ಚೀಲ ತಲೆ ಮೇಲಿಟ್ಟು ದೋಣಿ ದಾಟಿದ್ದುಂಟು. ಆಮೇಲೆ ಇಲಾಖೆಯ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆದೆ, ಮತ್ತೊಂದು ಬರೆದು ಕಾರವಾರದಲ್ಲಿ ಸಾರ್ಟಿಂಗ್‌ಗೆ ಬಂದೆ. ಒಂದೇ ಓಣಿಯಲ್ಲಿ ಒಂದೇ ಹೆಸರಿನ ಮೂವರು ತಾಂಡೇಲರು ಇದ್ದರೆ ಯಾರ ಮಗ ಹಡಗಿನಲ್ಲಿದ್ದಾನೆ ಅಂತ ಸ್ಟಾಂಪು ನೋಡಿ ತಿಳಿಯಬೇಕು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಊರಿಗೆ ಊರೇ ಎದ್ದಾಗ ಪತ್ರಗಳು ಹಳೇ ವಿಳಾಸಕ್ಕೇ ಬರುತ್ತಿದ್ದವು. ಊರು ಇಲ್ಲ, ಮನೆ ಇಲ್ಲ, ಪತ್ರ ಮಾತ್ರ ಇದೆ. ಯಾರು ತೋಡೂರಿನ ಕಾಲೋನಿಗೆ ಹೋದರು, ಯಾರು ನೆಂಟರ ಮನೆ ಸೇರಿದರು ಅಂತ ಕೇಳಿ ಕೇಳಿ, ಪೆನ್ಸಿಲ್ಲಿನಲ್ಲಿ ಹೊಸ ವಿಳಾಸ ಬರೆದು ಕಳಿಸಿದ್ದೇವೆ. ಅದರಲ್ಲಿ ನೇಮಕದ ಆರ್ಡರ್ ಇರುತ್ತಿತ್ತು, ಮುಂಬೈಯ ಮನಿಯಾರ್ಡರ್ ಇರುತ್ತಿತ್ತು. ಇದೆಲ್ಲ ಫೋಟೋದಲ್ಲಿ ಬರುತ್ತದೆಯೇ?

ಮೈಕ್ ಮತ್ತು ಸಲ್ಲಿ ಅಲ್ಲಿ ಏನು ಕಲಿತರು ಅಂತ ನನಗೆ ತಿಳಿಯಬೇಕಿತ್ತು. ಒಬ್ಬ ಮುಂದೆ ನಂಬರ್ ಒನ್ ಆಗುತ್ತಾನೆ, ಇನ್ನೊಬ್ಬ ಅವನ ಬೆನ್ನಿಗೆ ನಿಲ್ಲುತ್ತಾನೆ. ಈ ಒಪ್ಪಂದ ಯಾವ ದಿನ ಆಯಿತು? ಮೈಕ್ ಅದನ್ನು ಹೇಗೆ ನುಂಗಿಕೊಂಡ? ಗೆಳೆಯ ಮೊದಲ ಸಲ ಹೆದರಿಸುವ ಮಹಡಿಗೆ ಹೋದ ದಿನ ಇವನು ರಾತ್ರಿ ಊಟ ಮಾಡಿದನೇ? ಮೊದಲ ಚಿತ್ರಕ್ಕೂ ಇದಕ್ಕೂ ನಡುವೆ ಇರುವ ನಿಜವಾದ ಕಥೆ ಅದು. ಅದನ್ನು ಬಿಟ್ಟು ಮತ್ತೊಂದು ಸುತ್ತು ಆಟ ಆಡಿಸಿದರು.

ನಿಮ್ಮ ಪಟ್ಟಿ ಇನ್ನೊಮ್ಮೆ ಬರುವುದಾದರೆ ದಯವಿಟ್ಟು ಈ ಚಿತ್ರವನ್ನು ತೆಗೆಯಬೇಡಿ, ಆದರೆ 2001ರದ್ದನ್ನು ಮೊದಲು ನೋಡಿ ಅಂತ ಒಂದು ಮಾತು ಸೇರಿಸಿ. ಕಥೆಯ ಕಾಲದ ಪ್ರಕಾರ ಕಾಲೇಜಿನದ್ದೇ ಮೊದಲು ಅಂತ ಕೆಲವರು ಉಲ್ಟಾ ನೋಡುತ್ತಾರೆ. ಹಾಗೆ ನೋಡಿದರೆ ಹಿಮಮಾನವನ ತಮಾಷೆಯೂ ಹೋಯಿತು, ಟೋಪಿಯ ನೋವೂ ಹೋಯಿತು. ಹೆಸರುಗಳ ಪಟ್ಟಿ ಓಡುವಾಗ ಟಿವಿ ಆರಿಸಬೇಡಿ ಅಂತಲೂ ಹೇಳಿ. ಮೊದಲ ದಿನವೇ ಲೇಟಾಯಿತು ಅಂತ ತೆವಳುತ್ತಿದ್ದ ಬಸವನಹುಳದಂಥ ವಿದ್ಯಾರ್ಥಿ ಕ್ಲಾಸಿಗೆ ಮುಟ್ಟುವುದು ಆಮೇಲೆಯೇ. ಅಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ.

ಈ ಪತ್ರ ಕಳಿಸುವ ಮೊದಲು ಮೊಮ್ಮಗಳಿಗೆ ಓದಿ ಹೇಳಿದೆ. ಅವಳು ಒಪ್ಪಲಿಲ್ಲ. “ಟಪಾಲು ವಿಂಗಡಿಸುವುದನ್ನು ಒಂದೂವರೆ ಗಂಟೆ ಯಾರು ನೋಡುತ್ತಾರೆ ಅಜ್ಜ?” ಅಂದಳು. ಲೈಬ್ರರಿಯ ಆಟವೇ ಬೆಸ್ಟ್ ಅಂತೆ. ಹತ್ತು ನಿಮಿಷ ಸಾಕಿತ್ತು ಅಂತ ನಾನು, ಎರಡು ನಿಮಿಷ ಅಂತ ಅವಳು. ಕೊನೆಗೆ ಐದಕ್ಕೆ ಇಳಿದಿದ್ದೇವೆ.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಟಪಾಲು ನೌಕರ
ಕೋಡಿಬಾಗ, ಕಾರವಾರ